ಸತ್ತಮೇಲೆ ಯಾರ ಮನೆ?

ನಮ್ಮ ಟೀಮಿನಲ್ಲಿ ಕಾಫಿ, ಟೀ ಎರಡನ್ನೂ ಮುಟ್ಟದ ಗೆಳೆಯ ಒಬ್ಬನಿದ್ದಾನೆ. ಹೈದರಾಬಾದಿನವನು. ಪಾಪ ಆಸಿಡಿಟಿ ಇರಬೇಕು ಅಂದ್ಕೊಂಡು ಒಂದು ದಿನ ಊರಿಂದ ತಂದ ಕಷಾಯದ ಪುಡಿ ಕೊಟ್ಟೆ. ಹಾಲು ಬೆಲ್ಲ ಹಾಕಿ ಕುದಿಸಿ ಕುಡಿದ. ಖುಷಿಯಾಯ್ತು. ಆದ್ರೂ “ಇದರಲ್ಲಿ ಟೀ ಸೊಪ್ಪು ಇಲ್ಲ ತಾನೆ?” ಅಂತ ಎರಡು ಸಲ ಕೇಳಿದ. ಅವನು ಮಾರ್ಮನ್ ಅಂತ ನನಗೆ ಗೊತ್ತಾಗಿದ್ದು ಹೀಗೆ. ಅವರ ಚರ್ಚಿನಲ್ಲಿ ಕಾಫಿ, ಟೀ, ಹೆಂಡ, ತಂಬಾಕು ಯಾವುದೂ ಇಲ್ಲ.

ಅವನ ಮದುವೆ ಹೈದರಾಬಾದಿನಲ್ಲೇ ಆಗಿದ್ದು. ಆಮೇಲೆ ಗಂಡ ಹೆಂಡತಿ ಹಾಂಗ್‌ಕಾಂಗಿಗೆ ಹೋಗಿದ್ರಂತೆ. “ಹನಿಮೂನಾ?” ಅಂದೆ. “ಅಲ್ಲ, ಮದುವೆ ಪೂರ್ತಿ ಮಾಡೋಕೆ” ಅಂದ. ಇಲ್ಲಿ ಆಗಿದ್ದು ಬದುಕಿರೋವರೆಗಿನ ಮದುವೆ. ಸತ್ತಮೇಲೂ ಉಳಿಯುವ ಮದುವೆ ಆಗಬೇಕಾದ್ರೆ ಅವರ ಟೆಂಪಲ್‌ನಲ್ಲೇ ಆಗಬೇಕು. ಭಾನುವಾರದ ಪ್ರಾರ್ಥನೆಗೆ ಹೋಗುವ ಚರ್ಚು ಬೇರೆ, ಟೆಂಪಲ್ ಬೇರೆ. ಭಾರತದಲ್ಲಿ ಆಗ ಒಂದೂ ಇರಲಿಲ್ಲ. ಮೊದಲನೆಯದನ್ನು ನಮ್ಮ ಬೆಂಗಳೂರಿನಲ್ಲೇ ಕಟ್ಟುತ್ತೇವೆ ಅಂತ 2018ರ ಏಪ್ರಿಲ್‌ನಲ್ಲಿ ಘೋಷಿಸಿದರು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥದ್ದೂ ಆಯ್ತು. ನಾವು ದಿನಾ ಟ್ರಾಫಿಕ್ಕಿನಲ್ಲಿ ಒದ್ದಾಡುವ ಇದೇ ಊರಲ್ಲಿ ಒಂದು ಕಟ್ಟಡ, ಸಂಸಾರಗಳನ್ನು ಶಾಶ್ವತವಾಗಿ ಬೆಸೆಯೋಕೆ!

ಊಟದ ಟೇಬಲ್ಲಿನಲ್ಲಿ ಅವನು ಕೇಳಿದ: “ನಿನಗೆ ನಿನ್ನ ವಂಶದ ಎಷ್ಟು ತಲೆಮಾರು ಗೊತ್ತು?” ನಾನು ಸಿದ್ದಾಪುರದ ಹತ್ತಿರದ ಹಳ್ಳಿಯವಳು, ಪ್ರತಿ ವರ್ಷ ತಿಥಿಯ ಮಂತ್ರ ಕೇಳಿ ಬೆಳೆದವಳು. ಅಜ್ಜ, ಮುತ್ತಜ್ಜ, ಅವನ ಅಪ್ಪ, ಅವರ ಹೆಂಡಂದಿರು, ಎಲ್ಲರ ಹೆಸರು ಪಟಪಟ ಹೇಳಿದೆ. ಅವನು ಬೆರಗಾದ. “ಇಷ್ಟೇನಾ? ಮನೆಯಲ್ಲಿ ಬೇರೆ ಯಾರೂ ಇರಲಿಲ್ವಾ?”

ಇದ್ದರು. ದೊಡ್ಡತ್ತೆ ಇದ್ದರು. ಅವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಯಾಕಿಲ್ಲ ಅಂತ ಹುಡುಕಿಕೊಂಡು ಹೋಗಿದ್ದರಿಂದ ಈ ಬರಹ.

ಮೊದಲು ಗೆಳೆಯನ ಕಡೆಯ ಕಥೆ ನೋಡೋಣ. ಹೆಚ್ಚಿನ ಕ್ರೈಸ್ತರಿಗೆ ಮದುವೆಯ ಅವಧಿ ಸಾವಿನವರೆಗೆ ಮಾತ್ರ. ಬೈಬಲ್ಲಿನಲ್ಲಿ ಏಸುವನ್ನು ಸಿಕ್ಕಿಸಲು ಕೆಲವರು ಒಂದು ಪ್ರಶ್ನೆ ಕೇಳ್ತಾರೆ. ಏಳು ಜನ ಅಣ್ಣತಮ್ಮಂದಿರು, ಒಬ್ಬ ಸತ್ತಮೇಲೆ ಇನ್ನೊಬ್ಬ, ಹೀಗೆ ಒಬ್ಬಳನ್ನೇ ಮದುವೆಯಾದರು. ಎಲ್ಲರೂ ಎದ್ದು ಬರುವ ದಿನ ಅವಳು ಯಾರ ಹೆಂಡತಿ? ಅಲ್ಲಿ ಮದುವೆ ಮಾಡುವುದೂ ಇಲ್ಲ, ಮಾಡಿಕೊಳ್ಳುವುದೂ ಇಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟು ಏಸು ಆ ವಿಷಯ ಮುಗಿಸಿದ. ಮಾರ್ಮನ್ನರು ಇದನ್ನೇ ಬೇರೆ ಥರ ಓದ್ತಾರೆ. ಅಲ್ಲಿ ಹೊಸದಾಗಿ ಮದುವೆ ಆಗೋದಿಲ್ಲ, ಹಾಗಾಗಿ ಇಲ್ಲೇ ಗಟ್ಟಿ ಮಾಡಿಕೊಂಡು ಹೋಗಬೇಕು ಅಂತ.

ಈ ನಂಬಿಕೆ ಹುಟ್ಟಿದ್ದರ ಹಿಂದೆ ಸಾವುಗಳಿವೆ. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಅಣ್ಣ ಆಲ್ವಿನ್ 1823ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ದೀಕ್ಷಾಸ್ನಾನ ಆಗಿರಲಿಲ್ಲ. ಆ ಕಾಲದ ಅನೇಕ ಪಾದ್ರಿಗಳ ಲೆಕ್ಕದಲ್ಲಿ ಅಂಥವನಿಗೆ ಸ್ವರ್ಗವಿಲ್ಲ. ಜೋಸೆಫ್ ಮತ್ತು ಅವನ ಹೆಂಡತಿ ಎಮ್ಮಾಗೆ ಹುಟ್ಟಿದ ಮೊದಲ ಮಗು ಹುಟ್ಟಿದ ದಿನವೇ ಹೋಯಿತು, ಆಮೇಲೆ ಹುಟ್ಟಿದ ಅವಳಿಗಳೂ ಉಳಿಯಲಿಲ್ಲ. ಇಂಥ ಮನೆಯಿಂದ ಬಂದವನು 1840ರಲ್ಲಿ, ಸತ್ತವರ ಪರವಾಗಿ ಬದುಕಿದವರು ನಿಂತು ದೀಕ್ಷಾಸ್ನಾನ ಪಡೆಯಬಹುದು ಅಂದ. 1843ರ ಜುಲೈನಲ್ಲಿ, ಇಲಿನಾಯ್ ರಾಜ್ಯದ ನಾವೂ ಅನ್ನೋ ಊರಲ್ಲಿ, ದೇವರಿಂದ ಬಂದದ್ದು ಅಂತ ಬರೆಸಿದ ಒಂದು ವಾಣಿಯಲ್ಲಿ ಶಾಶ್ವತ ಮದುವೆಯ ನಿಯಮ ಇಟ್ಟ. ಮುದ್ರೆ ಬಿದ್ದ ದಂಪತಿ ಅಲ್ಲೂ ದಂಪತಿ, ಮಕ್ಕಳು ಅಲ್ಲೂ ಮಕ್ಕಳು. ಇದಕ್ಕೆ ಅವರು ‘ಸೀಲಿಂಗ್’ ಅಂತಾರೆ. ಸ್ವರ್ಗದ ಅತಿ ಎತ್ತರದ ಮಜಲಿಗೆ ಹೋಗಲು ಈ ಮುದ್ರೆ ಬೇಕೇ ಬೇಕು.

ಅದೇ ವಾಣಿಯಲ್ಲಿ ಗಂಡಸಿಗೆ ಹಲವು ಹೆಂಡಿರ ಅನುಮತಿಯೂ ಇತ್ತು. ಎಮ್ಮಾ ಅದನ್ನು ಒಪ್ಪಲಿಲ್ಲ. ಚರ್ಚು ಅದನ್ನು ಬಹಿರಂಗವಾಗಿ ಹೇಳಿದ್ದು 1852ರಲ್ಲಿ, ಅಮೆರಿಕ ಸರ್ಕಾರದ ಒತ್ತಡಕ್ಕೆ ಮಣಿದು ಕೈಬಿಡುತ್ತೇವೆ ಅಂತ ಘೋಷಿಸಿದ್ದು 1890ರಲ್ಲಿ. ಆದ್ರೆ ಪರಲೋಕದ ಲೆಕ್ಕದಲ್ಲಿ ಅದರ ನೆರಳು ಇನ್ನೂ ಇದೆ. ಹೆಂಡತಿ ತೀರಿಕೊಂಡ ಗಂಡಸು ಎರಡನೆಯವಳ ಜೊತೆಗೂ ಶಾಶ್ವತವಾಗಿ ಬೆಸೆದುಕೊಳ್ಳಬಹುದು. ಬದುಕಿರುವ ಹೆಂಗಸಿಗೆ ಮಾತ್ರ ಒಬ್ಬನೇ. ಡೈವೋರ್ಸ್ ಆದರೂ ಸೀಲಿಂಗ್ ತಾನಾಗಿ ಹೋಗಲ್ಲ, ಅದನ್ನು ರದ್ದು ಮಾಡಿಸಲು ಚರ್ಚಿಗೆ ಬೇರೆ ಅರ್ಜಿ ಹಾಕಬೇಕು.

ಪೂರ್ವಜರನ್ನೂ ಬೆಸೆಯಬೇಕು ಅಂದ್ರೆ ಅವರ ಹೆಸರು ಬೇಕಲ್ಲ? 1894ರಲ್ಲಿ ಯೂಟಾದಲ್ಲಿ ವಂಶಾವಳಿ ಸಂಘ ಶುರುವಾಯ್ತು. ಇವತ್ತು ಸಾಲ್ಟ್ ಲೇಕ್ ಸಿಟಿಯ ಹತ್ತಿರದ ಗ್ರಾನೈಟ್ ಗುಡ್ಡವೊಂದನ್ನು ಕೊರೆದು ಮಾಡಿದ ಉಗ್ರಾಣದಲ್ಲಿ ಸುಮಾರು 24 ಲಕ್ಷ ರೋಲ್ ಮೈಕ್ರೋಫಿಲ್ಮ್ ಇದೆ. ಹರಿದ್ವಾರದ ಪಂಡರು ಯಾತ್ರಿಕರ ವಂಶ ಬರೆದಿಟ್ಟ ಉದ್ದುದ್ದ ಬಹಿಗಳ ಚಿತ್ರವನ್ನೂ ಈ ಸಂಘ ತೆಗೆದಿಟ್ಟಿದೆ. ಗಂಗೆಯ ದಡದಲ್ಲಿ ಪಿಂಡ ಹಾಕಿದವರ ಹೆಸರು ಅಮೆರಿಕದವರ ಫಿಲ್ಮಿನಲ್ಲಿ!

ಎಲ್ಲರಿಗೂ ಇದು ಖುಷಿ ಕೊಡಲಿಲ್ಲ. ಹಿಟ್ಲರನ ಕಾಲದಲ್ಲಿ ಸತ್ತ ಯಹೂದಿಗಳ ಹೆಸರಿನಲ್ಲೂ ದೀಕ್ಷಾಸ್ನಾನ ನಡೆದಿದೆ ಅಂತ ಗೊತ್ತಾದಾಗ ಯಹೂದಿ ಸಂಘಟನೆಗಳು ಸಿಟ್ಟಾದವು. ಯಹೂದಿ ಅನ್ನೋ ಕಾರಣಕ್ಕೇ ಕೊಲೆಯಾದವರನ್ನು ಸತ್ತಮೇಲೆ ಬೇರೆ ಧರ್ಮಕ್ಕೆ ಯಾರನ್ನು ಕೇಳಿ ಸೇರಿಸಿದಿರಿ ಅಂದವು. 1995ರಲ್ಲಿ ಒಪ್ಪಂದವಾಗಿ, ಅಂಥ ಹೆಸರುಗಳನ್ನು ತೆಗೆಯಲು ಚರ್ಚು ಒಪ್ಪಿತು. ಇದನ್ನು ಗೆಳೆಯನ ಮುಂದೆ ಎತ್ತಿದೆ. ಅವನು ಬೇಜಾರು ಮಾಡಿಕೊಳ್ಳದೆ ಹೇಳಿದ: “ನಾವು ಇಲ್ಲಿ ಮಾಡೋದು ಬರೀ ಕರೆಯೋಲೆ. ಸತ್ತವರು ಒಪ್ಪಬಹುದು, ಬೇಡ ಅನ್ನಬಹುದು. ಒತ್ತಾಯ ಇಲ್ಲ.”

ಈ ‘ಬೇಡ ಅನ್ನಬಹುದು’ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಇದೆಲ್ಲ ಅಮೆರಿಕದವರ ವಿಚಿತ್ರ ಅನ್ಸಿದ್ರೆ ಶಿರಸಿಯ ಬಸ್ಸು ಹತ್ತಿ. ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಹೋಗಿ ಬೇಲೂರಿನ ಥರ ಫೋಟೋ ಹೊಡೆದುಕೊಂಡು ಬರ್ತೀವಲ್ಲ, ಆವರಣದಲ್ಲಿ ನಿಲ್ಲಿಸಿರುವ ಕಲ್ಲುಗಳನ್ನು ಒಮ್ಮೆ ನಿಂತು ನೋಡಿ. ವೀರಗಲ್ಲಿನ ವಿನ್ಯಾಸ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಯುದ್ಧ, ಮಧ್ಯದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗ್ತಾ ಇರೋದು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಮುಂದೆ ಅವನು ಕೂತಿರೋದು. ಅಂದ್ರೆ ಗಂಡಸಿಗೆ ಸತ್ತಮೇಲೆ ಸುರಾಂಗನೆಯರು. ಹೆಂಡತಿ?

ಹೆಂಡತಿಯ ಲೆಕ್ಕ ಮಾಸ್ತಿಕಲ್ಲಿನಲ್ಲಿ ಸಿಗುತ್ತೆ. ಶಿರಸಿ, ಸಿದ್ದಾಪುರ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಪಕ್ಕ, ಗದ್ದೆಯ ಬದುವಿನಲ್ಲಿ, ಕಾಡಿನಂಚಿನಲ್ಲಿ ಇವು ನಿಂತಿರ್ತವೆ. ಕಂಬದಿಂದ ಹೊರಟಂತೆ ಒಂದು ಕೈ, ಮೊಣಕೈ ಮಡಿಚಿ ಮೇಲೆತ್ತಿದ ಹಸ್ತ, ಮಣಿಕಟ್ಟಿನ ತುಂಬ ಬಳೆ, ಹಲವು ಕಡೆ ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ಗುರುತು ಅದು. ಬಳೆ ಒಡೆದಿಲ್ಲ ಅನ್ನೋದೇ ಕಲ್ಲು ಹೇಳುವ ಮುಖ್ಯ ವಿಷಯ: ಇವಳು ವಿಧವೆಯಲ್ಲ, ಮದುವೆ ಮುಗಿದಿಲ್ಲ. ಮೇಲ್ಗಡೆ ಸೂರ್ಯ ಚಂದ್ರ. ಅವೆರಡೂ ಇರುವಷ್ಟು ಕಾಲ ಈ ಜೋಡಿ ಇರುತ್ತೆ ಅಂತ. ನಾವೂ ಊರಿನ ತಂದು ‘ಸೀಲಿಂಗ್’ ಅಂತ ಏನಾದ್ರೂ ತೋರಿಸಬೇಕಾದ್ರೆ ಇದನ್ನೇ ತೋರಿಸಬೇಕು. ಬೆಲೆ ಮಾತ್ರ ಒಬ್ಬಳ ಜೀವ.

ಆ ಕೈ ತಾನಾಗಿ ಎತ್ತಿದ್ದಾ, ಎತ್ತಿಸಿದ್ದಾ ಅಂತ ಕಲ್ಲು ಹೇಳಲ್ಲ. ಅಪರೂಪಕ್ಕೆ ಒಂದು ಶಾಸನ ಸ್ವಲ್ಪ ಬಾಯಿ ಬಿಡುತ್ತೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ಗಂಡ ಏಚನಿಗೆ ಮರಣದಂಡನೆಯಾದ ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಟಾಗ ಅಪ್ಪ ಅಮ್ಮ ಬಂಧುಗಳು ಬೇಡ ಬೇಡ ಅಂತ ತಡೆದದ್ದನ್ನು ಅದು ದಾಖಲಿಸಿದೆ. ತಡೆದವರಿದ್ದರು ಅನ್ನೋದು ನನಗೆ ದೊಡ್ಡ ಸಮಾಧಾನ. ತಡೆಯದ ಮನೆಗಳ ಬಗ್ಗೆ ಶಾಸನ ಬರೆಸಿದವರು ಯಾರೂ ಇಲ್ಲ.

1829ರಲ್ಲಿ ಬಂಗಾಳದಲ್ಲಿ ಸತಿ ಪದ್ಧತಿ ನಿಷೇಧವಾಯ್ತು, ಮರು ವರ್ಷ ಮದ್ರಾಸಿನಲ್ಲಿ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಮುಂಬೈಗೆ ಸೇರಿದ್ದು 1862ರಲ್ಲಿ. ಬೆಂಕಿ ನಿಂತಿತು. ಆದ್ರೆ ‘ಮದುವೆ ಸಾವಿಗೆ ಮುಗಿಯಲ್ಲ’ ಅನ್ನೋ ನಿಯಮ ನಿಲ್ಲಲಿಲ್ಲ. ಮುಗಿಯದೇ ಇದ್ದದ್ದು ಹೆಂಗಸಿನ ಪಾಲಿಗೆ ಮಾತ್ರ. ಹೆಂಡತಿ ಸತ್ತ ಗಂಡಸು ವರ್ಷದೊಳಗೆ ಇನ್ನೊಂದು ಹೆಣ್ಣು ನೋಡಬಹುದಿತ್ತು. ಹವ್ಯಕರಲ್ಲಿ ಮುದುಕರಿಗೆ ಹಣ ತಗೊಂಡು ಎಳೆ ಹುಡುಗಿಯರನ್ನು ಕೊಡುವುದು ಎಷ್ಟಿತ್ತು ಅಂದ್ರೆ, ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಅಂತ ಅದರ ಮೇಲೇ ನಾಟಕ ಬರೆದರು. ಕನ್ನಡದ ಮೊದಲ ಸಾಮಾಜಿಕ ನಾಟಕ ಅಂತ ನಾವು ಪರೀಕ್ಷೆಗೆ ಓದಿದ್ದು ಅದನ್ನೇ. ನಗಿಸುವ ನಾಟಕ. ಮುದುಕ ಸತ್ತಮೇಲೆ ಆ ಹುಡುಗಿಯರ ಉಳಿದ ಐವತ್ತು ವರ್ಷ ಮಾತ್ರ ಪ್ರಹಸನ ಆಗಿರಲಿಲ್ಲ.

ಇನ್ನು ದೊಡ್ಡತ್ತೆಯ ವಿಷಯ. ಅವರು ನನ್ನ ಅಜ್ಜನ ಅಕ್ಕ, ಅಪ್ಪಯ್ಯನಿಗೆ ಸೋದರತ್ತೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರಲ್ಲಿ ಪಾಸಾಗಿ, 1930ರ ಏಪ್ರಿಲ್ 1ರಿಂದ ಜಾರಿಗೆ ಬರೋದಿತ್ತು. ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕು ಅಂತ. ದೇಶದ ತುಂಬ ಜನ ಅದಕ್ಕೂ ಮೊದಲೇ ಮುಗಿಸಿಬಿಡೋಣ ಅಂತ ಗಡಿಬಿಡಿಯಲ್ಲಿ ಮದುವೆ ಮಾಡಿದರು. ದೊಡ್ಡತ್ತೆಯದೂ ಆ ಗಡಿಬಿಡಿಯ ಮದುವೆಗಳಲ್ಲಿ ಒಂದು. ಅವರಿಗೆ ಒಂಬತ್ತು. ಸಾಗರದ ಕಡೆಯ ಮನೆ. ಎರಡು ವರ್ಷಕ್ಕೆ ಹುಡುಗ ಜ್ವರ ಬಂದು ಹೋದ. “ಅತ್ತೆ ಗಂಡನ್ನ ಕಂಡಿದ್ದು ಮದ್ವೆ ನಾಕು ದಿನ ಅಷ್ಟೇಯ ಅಡ” ಅಂತಾರೆ ಅಪ್ಪಯ್ಯ. “ಮೊಕ ನೆನಪಿದ್ದಾ ಕೇಳಿರೆ, ಇಲ್ಲೆ ಹೇಳ್ತಿತ್ತು.”

ದೊಡ್ಡವರಾದ ಮೇಲೆ ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಐವತ್ತು ವರ್ಷ ನಮ್ಮ ಮನೆಯಲ್ಲೇ ಇದ್ದರು. ಕೊಟ್ಟಿಗೆ ಕೆಲಸ, ಅಡಿಕೆ ಸುಲಿಯೋದು, ಬಾಣಂತನ, ಅಪ್ಪಯ್ಯ ಮತ್ತು ಅವರ ತಮ್ಮ ತಂಗಿಯರನ್ನು ಎತ್ತಿ ಆಡಿಸಿದ್ದು ಎಲ್ಲ ಅವರೇ. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಜಗುಲಿಯಲ್ಲೇ ಜೀವ ಬಿಟ್ಟರು. ಅಂದ್ರೂ ನಮ್ಮ ಮನೆಯ ಪಿತೃಗಳ ಸಾಲಿನಲ್ಲಿ ಅವರು ಇಲ್ಲ.

ಕಾರಣ ಶಾಸ್ತ್ರದಲ್ಲಿ ಸ್ಪಷ್ಟ ಇದೆ. ಸತ್ತವರು ಮೊದಲು ಪ್ರೇತ. ಹನ್ನೆರಡನೇ ದಿನ ಸಪಿಂಡೀಕರಣ ಮಾಡ್ತಾರೆ, ಅಂದ್ರೆ ಅವರ ಪಿಂಡವನ್ನು ಹಿಂದಿನ ಮೂರು ತಲೆಮಾರಿನ ಪಿಂಡಗಳ ಜೊತೆ ಕೂಡಿಸ್ತಾರೆ. ಆಗ ಪ್ರೇತ ಪಿತೃವಾಗುತ್ತೆ, ಮನೆಗೆ ಸೇರುತ್ತೆ. ಬದುಕಿರುವವನು ಕೂತು ಸತ್ತವರನ್ನು ಒಂದು ಸಾಲಿಗೆ ಬೆಸೆಯುವುದು. ಗೆಳೆಯನಿಗೆ ಇದನ್ನು ವಿವರಿಸಿದಾಗ ಅವನಿಗೆ ಒಂದೇ ನಿಮಿಷದಲ್ಲಿ ಅರ್ಥವಾಯ್ತು. ಆದ್ರೆ ಹೆಂಗಸು ಸೇರುವುದು ಅತ್ತೆ, ಅತ್ತೆಯ ಅತ್ತೆ, ಹೀಗೆ ಗಂಡನ ಮನೆಯ ಸಾಲಿಗೆ. ಮದುವೆಯ ದಿನ ಗೋತ್ರ ಬದಲಾಯ್ತಲ್ಲ, ಅದು ಸತ್ತರೂ ವಾಪಸ್ ಬರಲ್ಲ. ದೊಡ್ಡತ್ತೆ ಉಂಡದ್ದು, ದುಡಿದದ್ದು, ಸತ್ತದ್ದು ವಸಿಷ್ಠ ಗೋತ್ರದ ನಮ್ಮ ಮನೆಯಲ್ಲಿ. ಶಾಶ್ವತವಾಗಿ ಸೇರಿದ್ದು ಮುಖ ನೆನಪಿಲ್ಲದ ಹುಡುಗನ ಮನೆಗೆ.

ಪಕ್ಷಮಾಸದ ಕಾಲದಲ್ಲೂ ಲೆಕ್ಕ ಹೀಗೇ. ಗಂಡನಿಗಿಂತ ಮೊದಲು ಸತ್ತ ಮುತ್ತೈದೆಯರಿಗೆ ಅವಿಧವಾ ನವಮಿ ಅಂತ ಪ್ರತ್ಯೇಕ ದಿನವೇ ಇದೆ. ಮಹಾಲಯದ ಪಟ್ಟಿಯಲ್ಲಿ ಮಲತಾಯಿಗೆ ಜಾಗ ಇದೆ, ಮಲತಂದೆಗೆ ಇಲ್ಲ. ಅಪ್ಪನಿಗೆ ಇಬ್ಬರು ಹೆಂಡಿರು ಇರಬಹುದು, ಅಮ್ಮನಿಗೆ ಇಬ್ಬರು ಗಂಡಂದಿರು ಇರೋಕಾಗಲ್ಲ. ಯೂಟಾದ ಲೆಕ್ಕಕ್ಕೂ ಸಿದ್ದಾಪುರದ ಲೆಕ್ಕಕ್ಕೂ ಇಲ್ಲಿ ಏನೂ ವ್ಯತ್ಯಾಸ ಇಲ್ಲ ನೋಡಿ.

ಎಲ್ಲರೂ ಹೀಗೇ ಪಟ್ಟಿ ಮಾಡಲ್ಲ. ಘಟ್ಟದ ಕೆಳಗೆ ತುಳುನಾಡಿನಲ್ಲಿ, ಕಾಸರಗೋಡಿನವರೆಗೂ, ಕುಲೆ ಮದುವೆ ಇದೆ. ಮಗುವಾಗಿದ್ದಾಗಲೋ ಮದುವೆಗೆ ಮೊದಲೋ ಸತ್ತವರಿಗೆ ವರ್ಷಗಳ ನಂತರ ಸಂಬಂಧ ಹುಡುಕಿ ಮದುವೆ ಮಾಡ್ತಾರೆ. ಬಳಿ ನೋಡ್ತಾರೆ, ಧಾರೆ ಸೀರೆ ಇಡ್ತಾರೆ, ಊಟ ಹಾಕ್ತಾರೆ. 2022ರಲ್ಲಿ ಇಂಥ ಒಂದು ಮದುವೆಯ ವಿಡಿಯೋ ವೈರಲ್ ಆದಾಗ ನಮ್ಮಲ್ಲಿ ಎಷ್ಟೋ ಜನ ನಗುವ ಇಮೋಜಿ ಹಾಕಿದ್ವಿ. ಆದ್ರೆ ಅದರ ಹಿಂದಿರೋದು, ಒಂಟಿಯಾಗಿ ಹೋದ ಮಗುವನ್ನು ಮನೆಯವರು ಮರೆತಿಲ್ಲ ಅನ್ನೋದು. ನಮ್ಮಲ್ಲಿ ಮದುವೆಯಾಗದೆ ಸತ್ತ ಹುಡುಗಿಯ ಹೆಸರನ್ನು ಮೂರನೇ ತಲೆಮಾರು ಕೇಳಿರೋದೂ ಇಲ್ಲ.

ಯಲ್ಲಾಪುರದ ಕಾಡಿನಂಚಿನ ಸಿದ್ದಿಗಳದು ಇನ್ನೊಂದು ದಾರಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ಘಟ್ಟದ ಕಾಡು ಸೇರಿದವರ ಸಂತಾನ. ಈಗ ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಆದ್ರೆ ಸತ್ತ ಹಿರಿಯರನ್ನು ಪೂಜಿಸುವ ರೂಢಿ ಧರ್ಮದ ಗೆರೆ ದಾಟಿ ಉಳಿದಿದೆ. ಹಡಗಿನಲ್ಲಿ ತಂದು ಮಾರಿದವರು ವಂಶಾವಳಿ ಬರೆದುಕೊಡಲಿಲ್ಲ. ಹೆಸರು ಗೊತ್ತಿಲ್ಲದೆ ಇದ್ದರೂ ‘ಹಿರಿಯರು’ ಅಂದ್ರೆ ಸಾಕು, ಎಲ್ಲರೂ ಅದರಲ್ಲಿ ಬಂದರು.

ನಾನು ಇದನ್ನೆಲ್ಲ ಯಾಕೆ ಇಷ್ಟು ಕೆದಕಿದೆ? ನನ್ನ ಮದುವೆ ಆರು ವರ್ಷಕ್ಕೆ ಕೋರ್ಟಿನಲ್ಲಿ ಮುಗಿಯಿತು. ಬ್ಯಾಂಕು, ಪಾನ್, ಪಾಸ್‌ಪೋರ್ಟ್, ಆಧಾರ್, ಎಲ್ಲ ಕಡೆ ಒಂದೊಂದು ಫಾರ್ಮ್ ತುಂಬಿ ಹೆಸರು ಸರಿಮಾಡಿಸಿದೆ. ಗೋತ್ರಕ್ಕೆ ಫಾರ್ಮ್ ಇಲ್ಲ. ಶಾಸ್ತ್ರದ ಪ್ರಕಾರ ನಾನು ಈಗಲೂ ಆ ಮನೆಯವಳೇ, ನಾಳೆ ಸತ್ತರೂ. ಇದನ್ನು ನಂಬ್ತೀನಾ? ಇಲ್ಲ. ಆದ್ರೆ ನಂಬದೆ ಇದ್ದರೂ ಒಂದು ಸಾಲಿನಲ್ಲಿ ನನ್ನ ಹೆಸರನ್ನು ಕೇಳದೆ ಬರೆದಿದ್ದಾರೆ ಅನ್ನೋದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆ ಯಹೂದಿ ಕುಟುಂಬಗಳ ಸಿಟ್ಟು ನನಗೆ ಅರ್ಥವಾಗಿದ್ದು ಅದಕ್ಕೇ.

ಇನ್ನೊಂದು ಕಡೆ, ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಯಾವ ಹವ್ಯಕರ ಹಳ್ಳಿಗೆ ಹೋದರೂ ನಲವತ್ತು ದಾಟಿದ, ಮದುವೆಯಾಗದ ಮಾಣಿಗಳಿದ್ದಾರೆ. ತೋಟ ಇದೆ, ಮನೆ ಇದೆ, ಹಳ್ಳಿಗೆ ಬರುವ ಹೆಣ್ಣಿಲ್ಲ. ಅಪ್ಪನ ತಿಥಿ ಮಾಡುವಾಗ ಅವರೂ ಯೋಚಿಸ್ತಾರೆ, ನಂದು ಯಾರು ಮಾಡ್ತಾರೆ ಅಂತ. ನೂರು ವರ್ಷ ಹೆಂಗಸರನ್ನು ಸಾಲಿನಿಂದ ಹೊರಗಿಟ್ಟ ವ್ಯವಸ್ಥೆ ಈಗ ಗಂಡಸರಿಗೂ ಜಾಗ ಕೊಡಲಾಗದೆ ನಿಂತಿದೆ.

ಕಳೆದ ಮಹಾಲಯಕ್ಕೆ ರಜೆ ಹಾಕಿ ಊರಿಗೆ ಹೋದೆ. ಮಹಾಲಯದ ತರ್ಪಣದಲ್ಲಿ ಅಣ್ಣತಮ್ಮ, ಸೋದರತ್ತೆ, ಮಾವ, ಗುರು, ಸ್ನೇಹಿತ, ಎಲ್ಲರಿಗೂ ಎಳ್ಳುನೀರು ಬಿಡುವ ಅವಕಾಶ ಇದೆ. ಅಜ್ಜ ಬದುಕಿರೋವರೆಗೆ ಅಕ್ಕನ ಹೆಸರು ಹೇಳ್ತಿದ್ದರಂತೆ, ಅವರು ಹೋದಮೇಲೆ ಬಿಟ್ಟುಹೋಗಿತ್ತು. “ದೊಡ್ಡತ್ತೆ ಹೆಸ್ರೂ ಹೇಳಿ ಅಪ್ಪಯ್ಯ” ಅಂದೆ. ಅಪ್ಪಯ್ಯ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. “ಹೇಳನ ಕೂಸೆ” ಅಂದರು.

ಭಟ್ಟರು ಗೋತ್ರ ಕೇಳಿದರು. ಅಪ್ಪಯ್ಯನಿಗೆ ಗೊತ್ತಿರಲಿಲ್ಲ. ಆ ಮನೆಯ ಜಾಗ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಮನೆಯವರು ಎಲ್ಲೆಲ್ಲಿಗೋ ಹೋದರು. ಗೋತ್ರ ಗೊತ್ತಿದ್ದ ಅಜ್ಜನೂ ಇಲ್ಲ, ಹಳೇ ಪುರೋಹಿತರೂ ಇಲ್ಲ. “ಗೊತ್ತಿಲ್ಲೆ ಭಟ್ರೆ.”

“ಗೊತ್ತಿಲ್ದೆ ಇದ್ರೆ ಕಾಶ್ಯಪ ಹೇಳಿ ಹೇಳದು” ಅಂದರು ಭಟ್ಟರು. ಗೋತ್ರ ತಿಳಿಯದವರಿಗೆಲ್ಲ ಕಾಶ್ಯಪ ಗೋತ್ರ ಅನ್ನೋದು ಹಳೇ ನಿಯಮ. ನನಗೆ ಒಂದು ಕ್ಷಣ ಖುಷಿಯಾಯ್ತು. ಗಂಡನ ಗೋತ್ರ ಹೋಯ್ತು, ಅಪ್ಪನ ಗೋತ್ರವೂ ಅಲ್ಲ, ಯಾರದ್ದೂ ಅಲ್ಲದ್ದು ಸಿಕ್ಕಿತು ಅಂತ. ಅಷ್ಟರಲ್ಲಿ ಭಟ್ಟರು ಮಂತ್ರ ಮುಂದುವರಿಸಿದರು. ಸೋದರತ್ತೆಯ ಜೊತೆ ಯಾವಾಗಲೂ ಬರುವ ಮಾತು ಅದು: ‘ಸಭರ್ತೃಕಾ’, ಗಂಡನ ಸಮೇತ. ಮನೆ ಮುಳುಗಿತು, ಗೋತ್ರ ಮರೆತುಹೋಯ್ತು, ಮುಖವಂತೂ ಯಾವತ್ತೂ ನೆನಪಿರಲಿಲ್ಲ. ಗಂಡ ಮಾತ್ರ ಬಿಡಲಿಲ್ಲ.

ಅಪ್ಪಯ್ಯನ ಹೆಬ್ಬೆರಳ ಸಂದಿಯಿಂದ ಎಳ್ಳುನೀರು ಇಳಿಯಿತು. ಒಳಗಿಂದ ವಡೆ ಕರಿಯುವ ವಾಸನೆ ಬರ್ತಿತ್ತು. ಗೆಳೆಯ ಹೇಳಿದ್ದು ನೆನಪಾಗಿ, ಮಂತ್ರಕ್ಕೆ ನನ್ನದೊಂದು ಮಾತು ಮನಸ್ಸಿನಲ್ಲೇ ಸೇರಿಸಿದೆ.

ಬೇಕಾದ್ರೆ ಮಾತ್ರ, ದೊಡ್ಡತ್ತೆ. ಬ್ಯಾಡಾದ್ರೆ ಬ್ಯಾಡ.